ಮೇಷ್ಟರಿಗೆ ಯಾವುದು, ಹೆತ್ತವರಿಗೆ ಯಾವುದು: ಕಲಿಕೆಯ ಕುರಿತ ಕೆಲವು ಪುಸ್ತಕಗಳ ಹೋಲಿಕೆ

ಚಿಕ್ಕಮಗಳೂರು ಜಿಲ್ಲೆಯ ಶಾಲೆಗಳೆಲ್ಲ ಒಂದೇ ಬಗೆಯವಲ್ಲ. ಕಡೂರು, ಅಜ್ಜಂಪುರದ ಕಡೆಯ ಬಯಲು ಸೀಮೆಯಲ್ಲಿ ಮನೆಗಳು ಒತ್ತಾಗಿದ್ದು ಶಾಲೆಯೂ ಊರೊಳಗೇ ಇರುತ್ತದೆ. ಶೃಂಗೇರಿ, ಕೊಪ್ಪ, ಕಳಸದ ಕಡೆ ಮನೆಗಳು ಗುಡ್ಡದ ಮಗ್ಗುಲಿಗೊಂದರಂತೆ ಚದುರಿಕೊಂಡಿದ್ದು, ಒಬ್ಬರೋ ಇಬ್ಬರೋ ಶಿಕ್ಷಕರು ಒಂದರಿಂದ ಐದನೆಯ ತರಗತಿಯವರೆಗಿನ ಮಕ್ಕಳನ್ನು ಒಟ್ಟಿಗೆ ಕೂರಿಸಿಕೊಂಡು ಪಾಠ ಮಾಡುವ ಶಾಲೆಗಳಿವೆ. ಮೂಡಿಗೆರೆಯ ಸುತ್ತಮುತ್ತ ಎಸ್ಟೇಟಿನ ಕೂಲಿಗಾರರ ಲೈನ್ ಮನೆಗಳಿಂದ ಬರುವ ಮಕ್ಕಳಲ್ಲಿ ಕೆಲವರು ಕಾಫಿ ಕುಯ್ಲು ಮುಗಿಯುತ್ತಿದ್ದಂತೆ ಹೆತ್ತವರೊಡನೆ ಬೇರೆ ಊರಿಗೆ ಹೊರಟುಬಿಡುತ್ತಾರೆ. ಹೀಗಿರುವಾಗ, ಶಿಕ್ಷಣದ ಬಗ್ಗೆ ಓದಲು ಒಳ್ಳೆಯ ಪುಸ್ತಕ ಯಾವುದೆಂದು ಕೇಳುವವರಿಗೆಲ್ಲ ಒಂದೇ ಹೆಸರನ್ನು ಹೇಳಿ ಕಳುಹಿಸಲಾಗದು.

ಇಂಥ ಪುಸ್ತಕಗಳನ್ನು ಸಾಮಾನ್ಯವಾಗಿ ತತ್ತ್ವದ ಆಧಾರದ ಮೇಲೆ ವಿಂಗಡಿಸುತ್ತಾರೆ. ಇದು ಮಕ್ಕಳ ಸ್ವಾತಂತ್ರ್ಯದ ಪರವಾದದ್ದು, ಅದು ಶಿಸ್ತಿನ ಪರವಾದದ್ದು ಎನ್ನುತ್ತಾರೆ. ಆರಿಸಿಕೊಳ್ಳಬೇಕಾದವರಿಗೆ ಆ ವಿಂಗಡಣೆಯಿಂದ ಹೆಚ್ಚಿನ ಪ್ರಯೋಜನವಿಲ್ಲ, ಏಕೆಂದರೆ ತತ್ತ್ವದ ಮಟ್ಟದಲ್ಲಿ ಎಲ್ಲರೂ ಮಕ್ಕಳ ಹಿತವನ್ನೇ ಬಯಸುತ್ತಾರೆ. ನಾನು ಕೇಳಿಕೊಳ್ಳುವ ಪ್ರಶ್ನೆ ಬೇರೆ. ಬರೆದವರ ಮುಂದೆ ಎಷ್ಟು ಮಕ್ಕಳಿದ್ದರು, ಅವರು ಯಾರ ಮನೆಯ ಮಕ್ಕಳು, ಕಲಿಸುವುದಕ್ಕೆ ಅಡ್ಡ ಬಂದದ್ದು ಏನು? ನಿಮ್ಮ ಅಡ್ಡಿಗೆ ಹತ್ತಿರವಾದ ಅಡ್ಡಿಯನ್ನು ಎದುರಿಸಿದ ಪುಸ್ತಕವನ್ನು ಮೊದಲು ಓದಬೇಕು. ಉಳಿದವು ಎಷ್ಟೇ ಹೆಸರಾಂತವಾಗಿದ್ದರೂ ಆಮೇಲೆ ಓದಿದರೆ ನಷ್ಟವೇನಿಲ್ಲ.

ಶಿಕ್ಷಕರ ತರಬೇತಿಗಳಲ್ಲಿ ಹೆಚ್ಚಾಗಿ ಕೇಳಿಬರುವ ಎರಡು ಹೆಸರುಗಳು 'ತೊತ್ತೋಚಾನ್' ಮತ್ತು 'ದಿವಾಸ್ವಪ್ನ'. ಇವೆರಡನ್ನೂ ಒಂದೇ ಉಸಿರಿನಲ್ಲಿ ಹೇಳುವ ರೂಢಿಯಿದೆ. ಆದರೆ ಇವು ಓದುಗನಿಂದ ಬೇಡುವುದು ಒಂದನ್ನೇ ಅಲ್ಲ.

ತೆತ್ಸುಕೊ ಕುರೊಯನಾಗಿ ತಮ್ಮ ಬಾಲ್ಯದ ಶಾಲೆಯನ್ನು ನೆನೆದು ಬರೆದ 'ತೊತ್ತೋಚಾನ್' ಜಪಾನಿನಲ್ಲಿ 1981ರಲ್ಲಿ ಪ್ರಕಟವಾಯಿತು. ಕಿಟಕಿಯ ಬಳಿ ನಿಂತು ಬೀದಿಯ ವಾದ್ಯದವರನ್ನು ಕರೆಯುತ್ತಾಳೆಂಬಂಥ ಕಾರಣಗಳಿಗೆ ಒಂದನೆಯ ತರಗತಿಯಲ್ಲೇ ಶಾಲೆಯಿಂದ ಹೊರಬಿದ್ದ ಹುಡುಗಿ, ಹಳೆಯ ರೈಲು ಬೋಗಿಗಳೇ ತರಗತಿಗಳಾಗಿದ್ದ ತೊಮೊಯೆ ಶಾಲೆಗೆ ಬರುತ್ತಾಳೆ. ಮುಖ್ಯೋಪಾಧ್ಯಾಯ ಸೊಸಾಕು ಕೊಬಾಯಾಶಿ ಮೊದಲ ದಿನವೇ ಆಕೆಯ ಮಾತನ್ನು ನಾಲ್ಕು ಗಂಟೆಗಳ ಕಾಲ ಕೇಳಿಸಿಕೊಳ್ಳುತ್ತಾರೆ. ದಿನದ ಪಾಠಗಳಲ್ಲಿ ಯಾವುದನ್ನು ಮೊದಲು ಮಾಡಬೇಕೆಂಬುದನ್ನು ಮಕ್ಕಳೇ ತೀರ್ಮಾನಿಸುತ್ತಾರೆ. ಮಧ್ಯಾಹ್ನದ ಬುತ್ತಿಯಲ್ಲಿ ಸಮುದ್ರದ್ದೊಂದು, ಬೆಟ್ಟದ್ದೊಂದು ಪದಾರ್ಥ ಇರಬೇಕೆಂಬುದು ಅಲ್ಲಿನ ನಿಯಮ. ಇಡೀ ಶಾಲೆಯಲ್ಲಿದ್ದವರು ಸುಮಾರು 50 ಮಕ್ಕಳು. 1945ರ ಬಾಂಬ್ ದಾಳಿಯಲ್ಲಿ ಆ ಶಾಲೆ ಸುಟ್ಟುಹೋಯಿತು. ಕನ್ನಡದಲ್ಲೂ ಲಭ್ಯವಿರುವ ಈ ಪುಸ್ತಕವನ್ನು ಎರಡು ದಿನಗಳಲ್ಲಿ ಓದಿ ಮುಗಿಸಬಹುದು, ಮಕ್ಕಳಿಗೂ ಓದಿ ಹೇಳಬಹುದು.

ಆದರೆ ಇದು ಮಗುವಿನ ಕಣ್ಣಿನಿಂದ ಬರೆದ ಪುಸ್ತಕ ಎಂಬುದನ್ನು ಮರೆಯಬಾರದು. ಕೊಬಾಯಾಶಿಯವರು ಆ ಪದ್ಧತಿಯನ್ನು ಹೇಗೆ ಕಟ್ಟಿದರು, ಹಣ ಎಲ್ಲಿಂದ ತಂದರು, ಜೊತೆಯ ಶಿಕ್ಷಕರನ್ನು ಹೇಗೆ ಒಪ್ಪಿಸಿದರು ಎಂಬುದು ಏಳು ವರ್ಷದ ಹುಡುಗಿಗೆ ಕಾಣುವಂಥದ್ದಲ್ಲ. ಪುಸ್ತಕದಲ್ಲಿಯೂ ಅದು ಅಲ್ಲಿ ಇಲ್ಲಿ ಮಿಂಚಿ ಮರೆಯಾಗುತ್ತದೆ. ಆದ್ದರಿಂದ ಇದನ್ನು ಓದಿದ ಯುವ ಶಿಕ್ಷಕರು ಮೊದಲು ಉತ್ಸಾಹಗೊಂಡು, ಜೂನ್ ತಿಂಗಳಲ್ಲಿ ನಿಜವಾದ ತರಗತಿಗೆ ಕಾಲಿಟ್ಟ ಮೇಲೆ, ತಮ್ಮಲ್ಲೇ ಏನೋ ಕೊರತೆಯಿದೆಯೆಂದು ಕುಗ್ಗುವುದುಂಟು. ಹೆತ್ತವರಿಗೆ, ಮುಖ್ಯವಾಗಿ ಮಗುವಿನ ಚೇಷ್ಟೆಯನ್ನು ಕುರಿತು ದಿನವೂ ದೂರು ಕೇಳುತ್ತಿರುವ ಹೆತ್ತವರಿಗೆ, ಇದಕ್ಕಿಂತ ಒಳ್ಳೆಯ ಮೊದಲ ಪುಸ್ತಕವಿಲ್ಲ. ಶಿಕ್ಷಕರಿಗೆ ಇದು ಎರಡನೆಯದು.

ಶಿಕ್ಷಕರು ಮೊದಲು ಓದಬೇಕಾದದ್ದು ಗಿಜುಭಾಯಿ ಬಧೇಕಾ ಅವರ 'ದಿವಾಸ್ವಪ್ನ'. ವಕೀಲಿ ವೃತ್ತಿಯಲ್ಲಿದ್ದ ಗಿಜುಭಾಯಿ ತಮ್ಮ ಮಗನ ಶಿಕ್ಷಣದ ಚಿಂತೆಯಿಂದ ಇಟಲಿಯ ಶಿಕ್ಷಣ ತಜ್ಞೆ ಮಾಂಟೆಸ್ಸೊರಿಯ ಬರಹಗಳನ್ನು ಓದತೊಡಗಿ, 1920ರಲ್ಲಿ ಗುಜರಾತಿನ ಭಾವನಗರದಲ್ಲಿ ಬಾಲಮಂದಿರವನ್ನು ತೆರೆದವರು. 1930ರ ದಶಕದ ಆರಂಭದಲ್ಲಿ ಗುಜರಾತಿಯಲ್ಲಿ ಬಂದ ಈ ಪುಸ್ತಕ ಕಲ್ಪಿತ ಕಥನವೇ ಆಗಿದ್ದರೂ ಅದರ ಕಷ್ಟಗಳು ಕಲ್ಪಿತವಲ್ಲ. ಲಕ್ಷ್ಮೀಶಂಕರ ಎಂಬ ಮೇಷ್ಟರು ಶಿಕ್ಷಣಾಧಿಕಾರಿಯನ್ನು ಕಂಡು, ನಾಲ್ಕನೆಯ ತರಗತಿಯನ್ನು ಒಂದು ವರ್ಷ ತಮಗೆ ಬಿಟ್ಟುಕೊಡಬೇಕೆಂದು ಕೇಳುತ್ತಾರೆ. ಅಧಿಕಾರಿ ಒಪ್ಪುತ್ತಾರೆ, ಆದರೆ ವರ್ಷದ ಕೊನೆಯಲ್ಲಿ ಪರೀಕ್ಷೆಯಿದೆಯೆಂದು ನೆನಪಿಸುತ್ತಾರೆ. ಮೊದಲ ದಿನ ಮೇಷ್ಟರು ಬಹಳ ಯೋಚಿಸಿ ತಂದಿದ್ದ ಮೌನದ ಆಟ ಪೂರ್ತಿ ಕೆಡುತ್ತದೆ, ಹುಡುಗರು ಗದ್ದಲವೆಬ್ಬಿಸುತ್ತಾರೆ. ಮರುದಿನ ಅವರು ಕಥೆ ಹೇಳಲು ಕೂರುತ್ತಾರೆ. ಕಥೆಯ ಆಸೆಗೆ ತರಗತಿ ಹಿಡಿತಕ್ಕೆ ಬರುತ್ತದೆ; ಕಥೆಯಿಂದ ಓದು, ಓದಿನಿಂದ ತರಗತಿಯದೇ ಒಂದು ಪುಸ್ತಕ ಭಂಡಾರ, ಅಲ್ಲಿಂದ ನಾಟಕ, ಹೀಗೆ ಒಂದಕ್ಕೊಂದು ಸೇರಿಕೊಳ್ಳುತ್ತವೆ. ಪಕ್ಕದ ತರಗತಿಯ ಶಿಕ್ಷಕರು, ಕಥೆ ಹೇಳುವುದೂ ಒಂದು ಪಾಠವೇ ಎಂದು ನಗುತ್ತಾರೆ.

ಈ ಪುಸ್ತಕದ ಬೆಲೆ ಇರುವುದು ಆ ನಗುವಿನಲ್ಲಿ ಮತ್ತು ಆ ಮೊದಲ ದಿನದಲ್ಲಿ. ಸಹೋದ್ಯೋಗಿಗಳ ವ್ಯಂಗ್ಯ, ಅಧಿಕಾರಿಯ ಅರೆಮನಸ್ಸಿನ ಒಪ್ಪಿಗೆ, ತಲೆಯ ಮೇಲೆ ತೂಗುವ ಪರೀಕ್ಷೆ, ಇವೆಲ್ಲ ಇಂದಿನ ಸರ್ಕಾರಿ ಶಾಲೆಯ ಶಿಕ್ಷಕರಿಗೂ ಪರಿಚಿತವಾದವೇ. ಇದರಲ್ಲಿ ದೋಷವೂ ಇದೆ: ಒಂದೇ ವರ್ಷದಲ್ಲಿ ಎಲ್ಲ ಬದಲಾಗುವುದು ತೀರ ಸಲೀಸಾಗಿ ಕಾಣುತ್ತದೆ, ಮತ್ತು ಲಕ್ಷ್ಮೀಶಂಕರರ ಕೈಯಲ್ಲಿದ್ದದ್ದು ಒಂದೇ ತರಗತಿ. ಐದು ತರಗತಿಗಳನ್ನು ಒಬ್ಬರೇ ನೋಡಿಕೊಳ್ಳಬೇಕಾದವರಿಗೆ ಇದರಿಂದ ಸಿಗುವುದು ಅರ್ಧ ಉತ್ತರ ಮಾತ್ರ.

ಇವೆರಡರ ಜೊತೆಗೆ ನಮ್ಮದೇ ಭಾಷೆಯ ಒಂದು ಪುಸ್ತಕವನ್ನು ಇಡದಿದ್ದರೆ ಹೋಲಿಕೆ ಅಪೂರ್ಣವಾಗುತ್ತದೆ. ಎಂ.ಆರ್. ಶ್ರೀನಿವಾಸಮೂರ್ತಿಯವರ 'ರಂಗಣ್ಣನ ಕನಸಿನ ದಿನಗಳು' 1949ರಲ್ಲಿ ಬಂದ ಕಾದಂಬರಿ. ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯಲ್ಲಿ ಸ್ವತಃ ಕೆಲಸ ಮಾಡಿದ್ದ ಲೇಖಕರು, ಜನಾರ್ದನಪುರವೆಂಬ ಕಲ್ಪಿತ ರೇಂಜಿಗೆ (ಶಾಲಾ ತನಿಖೆಯ ವಲಯಕ್ಕೆ) ಇನ್‌ಸ್ಪೆಕ್ಟರಾಗಿ ಬಂದ ರಂಗಣ್ಣನನ್ನು ಹಳ್ಳಿಯಿಂದ ಹಳ್ಳಿಗೆ ಬೈಸಿಕಲ್ಲಿನಲ್ಲಿ ಓಡಾಡಿಸುತ್ತಾರೆ. ತರಗತಿಯೊಳಗಿನ ಕಲಿಕೆಯನ್ನು ಕುರಿತು ಇದರಲ್ಲಿ ಇರುವುದಕ್ಕಿಂತ, ಆ ಕಲಿಕೆಯನ್ನು ಸುತ್ತುವರಿದಿರುವ ಇಲಾಖೆಯನ್ನು ಕುರಿತು ಇರುವುದೇ ಹೆಚ್ಚು: ಬಡ ಮೇಷ್ಟರು, ಉಪಾಧ್ಯಾಯರ ಸಂಘದ ಸಭೆಗಳು, ತನಿಖೆಯ ಹೆದರಿಕೆ, ಊರಿನ ಪ್ರಮುಖರ ಹಟ, ವರದಿಗಳ ಭಾರ. ಇನ್‌ಸ್ಪೆಕ್ಟರ್ ಎಂಬ ಹುದ್ದೆ ಹೋಗಿ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ), ಸಿಆರ್‌ಪಿ (ಹತ್ತಿರದ ಕೆಲವು ಶಾಲೆಗಳ ಗುಂಪಾದ ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿ) ಎಂಬ ಹೆಸರುಗಳು ಬಂದಿವೆ, ಬೈಸಿಕಲ್ಲಿನ ಜಾಗಕ್ಕೆ ಬೈಕು ಬಂದಿದೆ. ಉಳಿದದ್ದರಲ್ಲಿ ಎಷ್ಟು ಬದಲಾಗಿದೆಯೆಂಬುದನ್ನು ಓದುಗರೇ ಅಳೆಯಬಹುದು. ನಗು ಉಕ್ಕಿಸುತ್ತಲೇ ಸಾಗುವ ಈ ಬರವಣಿಗೆಯಲ್ಲಿ ಅಧಿಕಾರಿಯಾದವನಿಗೆ ಬೇಕಾದ ಅನುಕಂಪದ ಪಾಠವಿದೆ. ಮುಖ್ಯೋಪಾಧ್ಯಾಯರಿಗೆ, ಸಿಆರ್‌ಪಿಗಳಿಗೆ, ಎಸ್‌ಡಿಎಂಸಿಯ (ಶಾಲಾಭಿವೃದ್ಧಿ ಸಮಿತಿಯ) ಸದಸ್ಯರಿಗೆ ನಾನು ಮೊದಲು ಹೇಳುವ ಹೆಸರು ಇದೇ. ಇದನ್ನು ಬರಿಯ ಹಾಸ್ಯ ಕಾದಂಬರಿಯೆಂದು ಬದಿಗಿಡುವವರು, ವಿದೇಶೀ ತಜ್ಞರ ಪುಸ್ತಕಗಳಲ್ಲಿ ಸಿಗದ ಒಂದು ದೊಡ್ಡ ಭಾಗವನ್ನು ಕಳೆದುಕೊಳ್ಳುತ್ತಾರೆ.

ಇನ್ನು ಮಲೆನಾಡಿನ ಏಕೋಪಾಧ್ಯಾಯ ಶಾಲೆಗೆ ಯಾವ ಪುಸ್ತಕ ಹತ್ತಿರ? ನನ್ನ ಉತ್ತರ ಇಟಲಿಯಿಂದ ಬಂದದ್ದು. ಫ್ಲಾರೆನ್ಸ್ ನಗರದ ಉತ್ತರಕ್ಕಿರುವ ಮುಜೆಲ್ಲೊ ಸೀಮೆಯ ಬೆಟ್ಟದಲ್ಲಿ ಬಾರ್ಬಿಯಾನ ಎಂಬ ಪುಟ್ಟ ನೆಲೆಯಿದೆ. ಒಂದು ಚರ್ಚು, ಸುತ್ತಲೂ ಕಾಡಿನಲ್ಲಿ ಚದುರಿದ ರೈತರ ಮನೆಗಳು. 1954ರ ಕೊನೆಯಲ್ಲಿ ಅಲ್ಲಿಗೆ ಬಂದ ಪಾದ್ರಿ ಲೊರೆಂಜೊ ಮಿಲಾನಿ, ಸರ್ಕಾರಿ ಶಾಲೆಯಲ್ಲಿ ಫೇಲಾದ, ಶಾಲೆ ಬಿಟ್ಟ ಹುಡುಗರನ್ನು ಕೂಡಿಸಿಕೊಂಡು ಕಲಿಸತೊಡಗಿದರು. ರಜೆಯೆಂಬುದೇ ಇಲ್ಲದ ಆ ಶಾಲೆಯಲ್ಲಿ, ಕಲಿತ ಹುಡುಗ ಕಲಿಯದವನಿಗೆ ಹೇಳಿಕೊಡಬೇಕಿತ್ತು. ಹಿಂದುಳಿದವನಿಗೆ ಅರ್ಥವಾಗುವವರೆಗೆ ಉಳಿದವರು ಮುಂದೆ ಹೋಗುವಂತಿರಲಿಲ್ಲ. ಅಲ್ಲಿನ ಎಂಟು ಹುಡುಗರು ಸೇರಿ, ತಮ್ಮಂಥವರನ್ನು ಫೇಲು ಮಾಡಿದ ಒಬ್ಬ ಶಿಕ್ಷಕಿಯನ್ನು ಉದ್ದೇಶಿಸಿ ಬರೆದ ದೀರ್ಘ ಪತ್ರವೇ 1967ರಲ್ಲಿ ಪುಸ್ತಕವಾಯಿತು. ಇಂಗ್ಲಿಷಿನಲ್ಲಿ ಅದರ ಹೆಸರು 'ಲೆಟರ್ ಟು ಎ ಟೀಚರ್'. ಅದು ಹೊರಬಂದ ವರ್ಷದ ಜೂನ್ ತಿಂಗಳಲ್ಲೇ ಮಿಲಾನಿ ತೀರಿಕೊಂಡರು.

ಈ ಪತ್ರ ವಿನಯದ್ದಲ್ಲ. ಹುಡುಗರು ಫೇಲಾದವರ ಲೆಕ್ಕವನ್ನು ಕಲೆಹಾಕಿ, ಯಾವ ಕಸುಬಿನ ತಂದೆಯ ಮಕ್ಕಳು ಎಲ್ಲಿ ಉದುರಿಹೋಗುತ್ತಾರೆಂಬುದನ್ನು ಪಟ್ಟಿ ಮಾಡಿ ತೋರಿಸುತ್ತಾರೆ. ಇಟಲಿಯಲ್ಲಿ 1962ರ ಕಾನೂನು ಹದಿನಾಲ್ಕು ವರ್ಷದವರೆಗಿನ ಮಕ್ಕಳಿಗೆ ಒಂದೇ ಬಗೆಯ ಮಾಧ್ಯಮಿಕ ಶಾಲೆಯನ್ನು ಕೊಟ್ಟಿದ್ದರೂ, ರೈತರ ಮಕ್ಕಳು ಫೇಲಾಗಿ ಹೊರಬೀಳುವುದು ನಿಂತಿರಲಿಲ್ಲ. ಗುಣವಾಗಿರುವವರನ್ನು ಆರೈಕೆ ಮಾಡಿ ರೋಗಿಗಳನ್ನು ಹೊರದೂಡುವ ಆಸ್ಪತ್ರೆಯಂತಿದೆ ನಿಮ್ಮ ಶಾಲೆ ಎಂಬುದು ಅವರ ಆಪಾದನೆ. ಆಪಾದನೆಯ ಜೊತೆಗೆ ಪರಿಹಾರವನ್ನೂ ಹೇಳುತ್ತಾರೆ: ಯಾರನ್ನೂ ಫೇಲು ಮಾಡಬೇಡಿ, ದಡ್ಡರಂತೆ ಕಾಣುವವರಿಗೆ ಇಡೀ ದಿನದ ಶಾಲೆ ಕೊಡಿ, ಮನಸ್ಸಿಲ್ಲದವರಿಗೆ ಒಂದು ಗುರಿ ಕೊಡಿ. ನಮ್ಮಲ್ಲಿ 2009ರ ಶಿಕ್ಷಣ ಹಕ್ಕು ಕಾಯ್ದೆ ಎಂಟನೆಯ ತರಗತಿಯವರೆಗೆ ಯಾವ ಮಗುವನ್ನೂ ಅದೇ ತರಗತಿಯಲ್ಲಿ ಉಳಿಸಬಾರದೆಂದಿತು. 2019ರ ತಿದ್ದುಪಡಿ ಐದು ಮತ್ತು ಎಂಟನೆಯ ತರಗತಿಗಳ ವಿಷಯವನ್ನು ಸರ್ಕಾರಗಳ ತೀರ್ಮಾನಕ್ಕೆ ಬಿಟ್ಟಿತು. ಈ ಚರ್ಚೆ ನಮ್ಮ ಶಿಕ್ಷಕರ ಕೊಠಡಿಗಳಲ್ಲಿ ನಡೆಯುವಾಗ ಸಾಮಾನ್ಯವಾಗಿ ಮೊದಲನೆಯ ಪರಿಹಾರ ಮಾತ್ರ ಮಾತಿಗೆ ಬರುತ್ತದೆ, ಎರಡನೆಯದು ಬರುವುದಿಲ್ಲ. ಬಾರ್ಬಿಯಾನದ ಹುಡುಗರಿಗೆ ಅವೆರಡೂ ಒಂದನ್ನೊಂದು ಬಿಟ್ಟಿರಲಾರದವು.

ತೊಮೊಯೆಯ ರೈಲು ಬೋಗಿಗಿಂತ ಬಾರ್ಬಿಯಾನದ ಬೆಟ್ಟ ನಮ್ಮ ಶೃಂಗೇರಿ, ಕಳಸದ ಶಾಲೆಗಳಿಗೆ ಹತ್ತಿರವೆಂದು ನಾನು ಹೇಳುವುದು ಭೂಗೋಳದ ಕಾರಣಕ್ಕಷ್ಟೇ ಅಲ್ಲ. ಮಕ್ಕಳೇ ಮಕ್ಕಳಿಗೆ ಕಲಿಸುವುದು ಅಲ್ಲಿ ಬಡತನದಿಂದ ಹುಟ್ಟಿ ಪದ್ಧತಿಯಾಯಿತು. ನಮ್ಮ ಸರ್ಕಾರಿ ಶಾಲೆಗಳ ನಲಿಕಲಿ ಪದ್ಧತಿಯಲ್ಲಿಯೂ ಅದೇ ಅಂಶವಿದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ಆ ಪದ್ಧತಿಯಲ್ಲಿ ಬೇರೆ ಬೇರೆ ತರಗತಿಯ ಮಕ್ಕಳು ಒಟ್ಟಿಗೆ ಕುಳಿತು, ಕಲಿಕೆಯ ಹಂತಗಳನ್ನು ಸಾಲಾಗಿ ತೋರಿಸುವ ಕಲಿಕಾ ಏಣಿಯಲ್ಲಿ ತಾವಿರುವ ಮೆಟ್ಟಿಲಿಗೆ ತಕ್ಕ ಕಾರ್ಡನ್ನು ತೆಗೆದುಕೊಂಡು, ಶಿಕ್ಷಕರ ನೆರವು ಬೇಕಾದವರು 'ತಟ್ಟೆ' ಎನ್ನುವ ಒಂದು ಗುಂಪಿನಲ್ಲಿ, ಜೊತೆಯವರ ನೆರವು ಸಾಕಾದವರು ಇನ್ನೊಂದರಲ್ಲಿ ಸೇರುತ್ತಾರೆ. ಅದಕ್ಕೆ ಪ್ರೇರಣೆಯಾದದ್ದು ಆಂಧ್ರಪ್ರದೇಶದ ಮದನಪಲ್ಲೆಯ ಬಳಿಯ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳ ಪ್ರಯೋಗ. ರಿಷಿ ವ್ಯಾಲಿಯನ್ನು ಕಟ್ಟಿದ ಚಿಂತಕ ಜೆ. ಕೃಷ್ಣಮೂರ್ತಿಯವರು ಶಿಕ್ಷಣ ಮತ್ತು ಬದುಕಿನ ಅರ್ಥವನ್ನು ಕುರಿತು 1953ರಲ್ಲಿ ಪ್ರಕಟಿಸಿದ ಪುಸ್ತಕವೂ ಓದತಕ್ಕದ್ದೇ. ಆದರೆ ಅದು ಶಿಕ್ಷಕನ ಮನಸ್ಸನ್ನು ಕುರಿತದ್ದು, ನಾಳೆಯ ಪಾಠಕ್ಕೆ ಅದರಲ್ಲಿ ಏನನ್ನೂ ಹುಡುಕಬಾರದು. ನಲಿಕಲಿಯ ಕಾರ್ಡುಗಳನ್ನು ಯಾಂತ್ರಿಕವಾಗಿ ಹಂಚಿ ಬೇಸತ್ತ ಶಿಕ್ಷಕರಿಗೆ ಬಾರ್ಬಿಯಾನದ ಪತ್ರ ಆ ಕಾರ್ಡುಗಳ ಹಿಂದಿನ ಸಿಟ್ಟನ್ನೂ ಕಾಳಜಿಯನ್ನೂ ತಿಳಿಸಿಕೊಡುತ್ತದೆ.

ಬಿ.ಎಡ್. ಓದುವವರು ಬ್ರೆಜಿಲಿನ ಶಿಕ್ಷಣ ಚಿಂತಕ ಪಾವ್ಲೊ ಫ್ರೇರೆಯ ಹೆಸರನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡುತ್ತಾರೆ. ಬಾಯಿಪಾಠವನ್ನೇ ಟೀಕಿಸಿದವರಿಗೆ ಸಂದ ವಿಚಿತ್ರ ಗೌರವ ಅದು. 1970ರಲ್ಲಿ ಇಂಗ್ಲಿಷಿಗೆ ಬಂದ ಅವರ ಪ್ರಸಿದ್ಧ ಪುಸ್ತಕ ಬ್ರೆಜಿಲಿನ ವಯಸ್ಕರ ಸಾಕ್ಷರತೆಯ ಅನುಭವದಿಂದ ಹುಟ್ಟಿದ್ದು, ಭಾಷೆ ಗಡುಸು. ಬಾರ್ಬಿಯಾನದ ಪತ್ರವನ್ನು ಓದಿದವರು ಅದೇ ವಿಚಾರದ ಬಹುಭಾಗವನ್ನು ಹುಡುಗರ ಮಾತಿನಲ್ಲೇ ಪಡೆದಿರುತ್ತಾರೆ. ಆತುರಪಡಬೇಕಾಗಿಲ್ಲ.

ಹೆತ್ತವರ ವಿಷಯಕ್ಕೆ ಬಂದರೆ ಅಡ್ಡಿಯೇ ಬೇರೆ. ಚಿಕ್ಕಮಗಳೂರು ಪಟ್ಟಣದಲ್ಲಿ ಇಂಗ್ಲಿಷ್ ಮಾಧ್ಯಮದ ಶಾಲೆಗೆ ಮಗುವನ್ನು ಸೇರಿಸಿ, ಸಂಜೆ ಟ್ಯೂಷನ್ನಿಗೂ ಕಳುಹಿಸಿ, ಆದರೂ ಮಗು ಹೇಳಿಕೊಟ್ಟ ಲೆಕ್ಕವನ್ನು ಮರುದಿನ ಮರೆಯುವುದೇಕೆಂದು ತಿಳಿಯದವರು ಅಮೆರಿಕದ ಶಿಕ್ಷಕ ಜಾನ್ ಹೋಲ್ಟ್ ಅವರ 'ಹೌ ಚಿಲ್ಡ್ರನ್ ಫೇಲ್' ಪುಸ್ತಕವನ್ನು ಓದಬೇಕು. 1964ರಲ್ಲಿ ಬಂದ ಇದು ಐದನೆಯ ತರಗತಿಯ ಮಕ್ಕಳನ್ನು ಹತ್ತಿರದಿಂದ ನೋಡುತ್ತ ಬರೆದಿಟ್ಟ ಟಿಪ್ಪಣಿಗಳ ಸಂಗ್ರಹ. ಮಕ್ಕಳು ಲೆಕ್ಕವನ್ನು ಬಿಡಿಸುವುದಕ್ಕಿಂತ ಶಿಕ್ಷಕರ ಮುಖವನ್ನು ಓದುವುದರಲ್ಲಿ ಜಾಣರಾಗುತ್ತಾರೆ. ತಪ್ಪಾಗಿರಬಹುದೆಂದು ಉತ್ತರವನ್ನು ಅಸ್ಪಷ್ಟವಾಗಿ ಗೊಣಗುತ್ತಾರೆ. ಊಹಿಸಿ ಹೇಳಿ, ಸರಿಯೇ ಎಂದು ತಲೆಯೆತ್ತಿ ನೋಡುತ್ತಾರೆ. ಇದೆಲ್ಲದರ ಬೇರು ಭಯದಲ್ಲಿದೆ ಎಂಬುದು ಹೋಲ್ಟ್ ಅವರ ತೀರ್ಮಾನ. ಹೋಲ್ಟ್ ಮುಂದೆ ಶಾಲೆಯನ್ನೇ ಬಿಟ್ಟು ಮನೆಯಲ್ಲಿ ಕಲಿಸುವುದರ ಪರವಾದರು. ಆ ದಾರಿ ನಮ್ಮಲ್ಲಿ ಬಹಳ ಮನೆಗಳಿಗೆ ಒಗ್ಗುವುದಿಲ್ಲ, ಮೊದಲ ಪುಸ್ತಕವನ್ನು ಓದಲು ಅದನ್ನು ಒಪ್ಪಬೇಕೆಂದೂ ಇಲ್ಲ. ಇಂಗ್ಲಿಷ್ ಓದು ಕಷ್ಟವೆನಿಸುವ ಹೆತ್ತವರಿಗೆ 'ತೊತ್ತೋಚಾನ್' ಇದ್ದೇ ಇದೆ. ಅದರ ಜೊತೆಗೆ, ಮೂಡಿಗೆರೆಯಲ್ಲಿ ಬಾಳಿದ ಪೂರ್ಣಚಂದ್ರ ತೇಜಸ್ವಿಯವರು ತಂದೆ ಕುವೆಂಪು ಅವರನ್ನು ಕುರಿತು ಬರೆದ 'ಅಣ್ಣನ ನೆನಪು' ಪುಸ್ತಕವನ್ನೂ ಓದಲಿ. ಅದು ಶಿಕ್ಷಣದ ಪುಸ್ತಕವೆಂದು ಯಾವ ಕಪಾಟಿನಲ್ಲೂ ಇರುವುದಿಲ್ಲ, ಆದರೆ ತಂದೆಯನ್ನು ಮಗನ ಕಣ್ಣಿನಿಂದ ತೋರಿಸುತ್ತದೆ.

ಮಗು ಪುಸ್ತಕವನ್ನೇ ಮುಟ್ಟುವುದಿಲ್ಲ ಎಂಬುದು ಇನ್ನೊಂದು ದೂರು. ಓದನ್ನು ಕುರಿತ ಎರಡು ಪುಸ್ತಕಗಳು ಇಲ್ಲಿ ಒಂದಕ್ಕೊಂದು ಎದುರಾಗಿ ನಿಲ್ಲುತ್ತವೆ. ಮಾರ್ಟಿಮರ್ ಆಡ್ಲರ್ ಅವರ 'ಹೌ ಟು ರೀಡ್ ಎ ಬುಕ್' 1940ರಲ್ಲಿ ಬಂದು, 1972ರಲ್ಲಿ ಚಾರ್ಲ್ಸ್ ವಾನ್ ಡೊರೆನ್ ಅವರ ಜೊತೆ ಪರಿಷ್ಕೃತವಾಯಿತು. ಅಕ್ಷರ ಬಿಡಿಸುವ ಓದಿನಿಂದ, ಪುಸ್ತಕವನ್ನು ಮೇಲಿಂದ ಮೇಲೆ ತಿರುವಿ ಅಂದಾಜು ಮಾಡುವ ಓದು, ಆಳವಾಗಿ ವಿಶ್ಲೇಷಿಸುವ ಓದು, ಒಂದೇ ವಿಷಯದ ಹಲವು ಪುಸ್ತಕಗಳನ್ನು ಎದುರುಬದುರಿಟ್ಟು ಓದುವ ಓದಿನವರೆಗೆ ನಾಲ್ಕು ಹಂತಗಳನ್ನು ಅದು ಕಲಿಸುತ್ತದೆ. ಓದುಗನ ಕೈಯಲ್ಲಿ ಪೆನ್ಸಿಲ್ ಇರಬೇಕೆನ್ನುತ್ತದೆ. ಫ್ರಾನ್ಸಿನ ಶಿಕ್ಷಕ, ಕಾದಂಬರಿಕಾರ ದಾನಿಯೆಲ್ ಪೆನಾಕ್ 1992ರಲ್ಲಿ ಬರೆದ ಪುಸ್ತಕವಾದರೋ ಓದುಗನಿಗೆ ಹತ್ತು ಹಕ್ಕುಗಳನ್ನು ಕೊಡುತ್ತದೆ. ಓದದಿರುವ ಹಕ್ಕು, ಪುಟ ಹಾರಿಸುವ ಹಕ್ಕು, ಪುಸ್ತಕವನ್ನು ಮುಗಿಸದೆ ಬಿಡುವ ಹಕ್ಕು ಅವುಗಳಲ್ಲಿ ಸೇರಿವೆ. ಓದಿನಿಂದ ದೂರ ಸರಿದ ಹುಡುಗರಿಗೆ ಪ್ರಶ್ನೆ ಕೇಳದೆ, ಸಾರಾಂಶ ಬರೆಸದೆ, ಸುಮ್ಮನೆ ಗಟ್ಟಿಯಾಗಿ ಓದಿ ಹೇಳಿ ಎಂಬುದು ಪೆನಾಕ್ ಅವರ ಮದ್ದು.

ಡಿಗ್ರಿ ವಿದ್ಯಾರ್ಥಿಗೆ, ದಪ್ಪ ಪುಸ್ತಕಗಳನ್ನು ಕಂಡು ಹೆದರುವ ಸ್ಪರ್ಧಾತ್ಮಕ ಪರೀಕ್ಷೆಯ ಅಭ್ಯರ್ಥಿಗೆ ಆಡ್ಲರ್ ಒದಗುತ್ತಾರೆ, ಅದರಲ್ಲಿಯೂ ಎರಡನೆಯ ಹಂತವನ್ನು ಕುರಿತ ಭಾಗ. ಕೊನೆಯಲ್ಲಿರುವ ಶಿಫಾರಸಿನ ಪಟ್ಟಿ ಪಶ್ಚಿಮದ ಗ್ರಂಥಗಳಿಗೇ ಸೀಮಿತವಾದದ್ದು, ಅದನ್ನು ಬಿಡಬಹುದು. ಮಕ್ಕಳ ವಿಷಯದಲ್ಲಿ ನಾನು ಪೆನಾಕ್ ಪಕ್ಷ. ಗಟ್ಟಿಯಾಗಿ ಓದಿ ಹೇಳುವುದು ಈ ಜಿಲ್ಲೆಗೆ ಫ್ರಾನ್ಸಿನಿಂದ ಬರಬೇಕಾದ ವಿದ್ಯೆಯೂ ಅಲ್ಲ: ಜೈಮಿನಿ ಭಾರತದ ಲಕ್ಷ್ಮೀಶ ಕಡೂರು ತಾಲ್ಲೂಕಿನ ದೇವನೂರಿನವನೆಂದು ನಂಬಿಕೆಯಿದೆ, ಒಬ್ಬರು ರಾಗವಾಗಿ ಓದಿ ಇನ್ನೊಬ್ಬರು ಅರ್ಥ ಹೇಳುವ ಗಮಕದ ಮೂಲಕವೇ ಆ ಕಾವ್ಯ ಅಕ್ಷರ ಬಾರದವರನ್ನೂ ಮುಟ್ಟಿತು. ಲಕ್ಷ್ಮೀಶಂಕರ ಮೇಷ್ಟರು ಎರಡನೆಯ ದಿನ ಮಾಡಿದ್ದೂ ಇದಕ್ಕಿಂತ ಬಹಳ ಬೇರೆಯದಲ್ಲ.

ಪಿಯುಸಿ ವಿದ್ಯಾರ್ಥಿಗೆ ತತ್ತ್ವ ಬೇಡ, ನೆನಪಿನಲ್ಲಿ ಉಳಿಯಬೇಕು. ಅವರಿಗಾಗಿ 2014ರಲ್ಲಿ ಬಂದ 'ಮೇಕ್ ಇಟ್ ಸ್ಟಿಕ್' ಇದೆ. ಬರೆದವರು ಪೀಟರ್ ಬ್ರೌನ್ ಮತ್ತು ಮನಶ್ಶಾಸ್ತ್ರಜ್ಞರಾದ ಹೆನ್ರಿ ರೋಡಿಗರ್, ಮಾರ್ಕ್ ಮ್ಯಾಕ್‌ಡೇನಿಯಲ್. ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಈ ವಿಚಾರದ ತಿರುಳು. ಪಾಠವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಒಂದು ವಾರದ ನಂತರ, ಓದಿದ್ದನ್ನು ಪುಸ್ತಕ ನೋಡದೆ ನೆನಪಿಸಿಕೊಂಡು ಬರೆದವರು ಮುಂದಿದ್ದರು. ಪುಸ್ತಕ ಕೈಗೆ ಸಿಗದವರು ಇಷ್ಟನ್ನು ತಿಳಿದು, ಓದಿದ್ದನ್ನು ಮುಚ್ಚಿಟ್ಟು ಬರೆಯುವುದನ್ನೂ ಕೆಲವು ದಿನಗಳ ಅಂತರದಲ್ಲಿ ಮತ್ತೆ ಬರೆಯುವುದನ್ನೂ ರೂಢಿಸಿಕೊಂಡರೆ ಅದರ ಬಹುಪಾಲು ಪ್ರಯೋಜನ ಸಿಕ್ಕಂತೆಯೇ.

ವಿಧಾನವಿದ್ದೂ ಛಲ ಕುಸಿದಿರುವ ವಿದ್ಯಾರ್ಥಿಗೆ ಆತ್ಮಕಥೆಗಳೇ ಮೇಲು. ನೆರೆಯ ಹಾಸನ ಜಿಲ್ಲೆಯ ಸಂತೇಶಿವರದಲ್ಲಿ ಹುಟ್ಟಿದ ಎಸ್.ಎಲ್. ಭೈರಪ್ಪನವರ 'ಭಿತ್ತಿ' ಮತ್ತು ಸಿದ್ಧಲಿಂಗಯ್ಯನವರ 'ಊರುಕೇರಿ' ಎರಡರಲ್ಲಿಯೂ ಹಸಿವು ಮತ್ತು ಓದು ಜೊತೆಜೊತೆಯಾಗಿ ನಡೆಯುತ್ತವೆ. 'ಭಿತ್ತಿ'ಯಲ್ಲಿ ವಾರಾನ್ನ ಉಂಡು ಓದಿದ ಹುಡುಗನನ್ನು ಮುಂದೊಯ್ಯುವುದು ಒಬ್ಬನೇ ಹೊತ್ತ ಹಟ. 'ಊರುಕೇರಿ'ಯಲ್ಲಿ ಹಾಸ್ಟೆಲ್ಲು, ಗೆಳೆಯರು ಮತ್ತು ನೋವನ್ನೂ ನಗೆಯಾಗಿಸುವ ಮಾತು. ಎರಡರಲ್ಲಿ ಒಂದನ್ನೇ ಕೊಡಬೇಕಾದರೆ ನಾನು ಒಂಟಿಯಾಗಿರುವ ಹುಡುಗನಿಗೆ ಎರಡನೆಯದನ್ನು ಕೊಡುತ್ತೇನೆ. ಒಂಟಿತನಕ್ಕೆ ಇನ್ನಷ್ಟು ಹಟದ ಪಾಠ ಬೇಕಿಲ್ಲ.

ಕೊಳ್ಳುವುದೋ, ಎರವಲು ತರುವುದೋ ಎಂಬ ಪ್ರಶ್ನೆ ಉಳಿಯುತ್ತದೆ. ಕನ್ನಡದ ಕಾದಂಬರಿ, ಆತ್ಮಕಥೆಗಳನ್ನು ಜಿಲ್ಲಾ ಕೇಂದ್ರ ಗ್ರಂಥಾಲಯದಲ್ಲಿಯೂ, ಈಗ ಅರಿವು ಕೇಂದ್ರಗಳೆನಿಸಿಕೊಂಡಿರುವ ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳಲ್ಲಿಯೂ ಮೊದಲು ಹುಡುಕಬೇಕು. 'ದಿವಾಸ್ವಪ್ನ' ಮಾತ್ರ ಸ್ವಂತದ್ದಾಗಿರಲಿ. ಅಂಚಿನಲ್ಲಿ ಬರೆದುಕೊಂಡು, ವರ್ಷದ ನಡುವೆ ಮತ್ತೆ ತೆರೆಯುವ ಪುಸ್ತಕ ಅದು. ಬಾರ್ಬಿಯಾನದ ಪತ್ರ ಇಂಗ್ಲಿಷಿನಲ್ಲಿ ಸಿಕ್ಕಿದರೆ ಒಬ್ಬರೇ ಓದುವುದಕ್ಕಿಂತ ಕ್ಲಸ್ಟರಿನ ನಾಲ್ಕೈದು ಶಿಕ್ಷಕರು ಭಾಗ ಹಂಚಿಕೊಂಡು ಓದಿ, ತಿಂಗಳ ಸಮಾಲೋಚನಾ ಸಭೆಯ ದಿನ ಊಟದ ನಂತರದ ಅರ್ಧ ಗಂಟೆಯಲ್ಲಿ ಕನ್ನಡದಲ್ಲಿ ಹೇಳಿಕೊಳ್ಳಬಹುದು. ಫೇಲಾದವರ ಪಟ್ಟಿಯಿರುವ ಭಾಗ ಬಂದ ದಿನ, ತಮ್ಮ ತಮ್ಮ ಶಾಲೆಯ ಹಾಜರಿ ಪುಸ್ತಕವನ್ನೂ ತಂದು, ಕುಯ್ಲಿನ ನಂತರ ಯಾರ ಹೆಸರುಗಳ ಮುಂದೆ ಗೈರುಹಾಜರಿಯ ಗುರುತು ಸಾಲ್ಗಟ್ಟಿದೆಯೆಂದು ನೋಡಬಹುದು.